ಕುಕೀ ಅಳಿಸಿದರೂ ಅದೇ ಸಂಖ್ಯೆ

ಸೈಟ್‌ಗಳು ನಮ್ಮ ಗುರುತಿಗೆಂದು ಬ್ರೌಸರ್‌ನಲ್ಲಿ ಇಡುವ ಕುಕೀಗಳನ್ನೆಲ್ಲ ಅಳಿಸಿದೆ. ಇಂಟರ್ನೆಟ್ ವಿಳಾಸವನ್ನು (ಐಪಿ) ಮರೆಸುವ ವಿಪಿಎನ್ ಹಾಕಿಕೊಂಡೆ. ಖಾಸಗಿ ವಿಂಡೋ ತೆರೆದು, ನಾನೇ ಬರೆದಿದ್ದ ಪುಟವನ್ನು ಮತ್ತೆ ಲೋಡ್ ಮಾಡಿದೆ. ಪುಟದ ಕೆಳಗೆ ಮೂಡಿದ್ದು ಹತ್ತು ನಿಮಿಷದ ಹಿಂದಿನ ಅದೇ ಸಂಖ್ಯೆ. ಒಂದು ಅಂಕಿಯೂ ಬದಲಾಗಿರಲಿಲ್ಲ.

ವೆಬ್‌ಸೈಟ್ ಕಟ್ಟುವುದು ನನ್ನ ಕೆಲಸ. ಬೇರೆಯವರು ಕೊಟ್ಟ, ಭೇಟಿ ಕೊಡುವವರ ಲೆಕ್ಕ ಇಡುವ ಅನಾಲಿಟಿಕ್ಸ್ ಸ್ಕ್ರಿಪ್ಟ್‌ಗಳನ್ನು ಎಷ್ಟೋ ಪುಟಗಳಿಗೆ ನಾನೇ ಅಂಟಿಸಿದ್ದೇನೆ. ಅವು ಒಳಗೆ ಏನು ಮಾಡುತ್ತವೆ ಎಂದು ಕೂತು ನೋಡಿರಲಿಲ್ಲ. ಅದನ್ನು ತಿಳಿಯಲೆಂದೇ ಸುಮಾರು ಐವತ್ತು ಸಾಲಿನ ಜಾವಾಸ್ಕ್ರಿಪ್ಟ್ ಬರೆದೆ. ಅದು ಯಾವ ಕುಕೀಯನ್ನೂ ಇಡುವುದಿಲ್ಲ, ಯಾವ ಅನುಮತಿಯನ್ನೂ ಕೇಳುವುದಿಲ್ಲ. ಬ್ರೌಸರ್‌ಗೆ ಪ್ರಶ್ನೆ ಹಾಕುತ್ತದೆ, ಅಷ್ಟೇ. ಪರದೆ ಎಷ್ಟು ಅಗಲ? ಟೈಮ್ ಝೋನ್ ಯಾವುದು? ಪ್ರಾಸೆಸರ್‌ನಲ್ಲಿ ಎಷ್ಟು ಕೋರ್? ಯಾವ ಯಾವ ಭಾಷೆ, ಯಾವ ಕ್ರಮದಲ್ಲಿ? ಬಂದ ಉತ್ತರಗಳನ್ನೆಲ್ಲ ಸೇರಿಸಿ ಒಂದು ಸಂಖ್ಯೆ ಮಾಡುತ್ತದೆ. ಇದಕ್ಕೆ ಬ್ರೌಸರ್ ಬೆರಳಚ್ಚು ಎನ್ನುತ್ತಾರೆ.

ಫಾಂಟ್ ಪತ್ತೆ ಮಾಡುವ ಬಗೆ ನನಗೆ ಅಚ್ಚರಿ ತಂದಿತು. ಪಟ್ಟಿಯನ್ನು ಯಾರೂ ಕೇಳುವುದೇ ಇಲ್ಲ. ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ಪದವನ್ನು ಸಾಮಾನ್ಯ ಫಾಂಟ್‌ನಲ್ಲಿ ಬರೆದು ಅಗಲ ಅಳೆಯುತ್ತಾರೆ. ಆಮೇಲೆ ಬೇರೊಂದು ಫಾಂಟ್‌ನ ಹೆಸರು ಹೇಳಿ ಅದೇ ಪದವನ್ನು ಅಳೆಯುತ್ತಾರೆ. ಅಗಲ ಬದಲಾಯಿತು ಅಂದರೆ ಆ ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಇದೆ ಎಂದರ್ಥ. ನೂರಾರು ಹೆಸರುಗಳನ್ನು ಹೀಗೆ ನೋಡಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಬ್ರೌಸರ್‌ನ ಚಿತ್ರ ಬಿಡಿಸುವ ಸೌಲಭ್ಯವಾದ ಕ್ಯಾನ್ವಾಸ್ ಬಳಸುವ ತಂತ್ರ ಇನ್ನೂ ಆಳಕ್ಕೆ ಹೋಗುತ್ತದೆ. ಪುಟವು ಮರೆಯಲ್ಲಿ ಒಂದು ಚಿತ್ರ ಬಿಡಿಸಿ, ಅದರ ಪಿಕ್ಸೆಲ್‌ಗಳನ್ನು ವಾಪಸ್ ಓದಿಕೊಳ್ಳುತ್ತದೆ. ನೋಡುವವರಿಗೆ ಎಲ್ಲ ಕಡೆಯೂ ಒಂದೇ ಚಿತ್ರ. ಆದರೆ ಗ್ರಾಫಿಕ್ಸ್ ಕಾರ್ಡ್, ಡ್ರೈವರ್, ಅಕ್ಷರದ ಅಂಚನ್ನು ನಯಗೊಳಿಸುವ ರೀತಿ ಬೇರೆಯಾದರೆ ಅಂಚಿನ ಪಿಕ್ಸೆಲ್‌ಗಳೂ ಬೇರೆಯಾಗುತ್ತವೆ. 2012ರಲ್ಲಿ ಕೀಟನ್ ಮೋವರಿ ಮತ್ತು ಹೊವಾವ್ ಶಾಹಂ ಇದನ್ನು ವಿವರಿಸಿ ಪ್ರಬಂಧ ಬರೆದರು. ಎರಡೇ ವರ್ಷದಲ್ಲಿ ಸಾವಿರಾರು ಸೈಟ್‌ಗಳಲ್ಲಿ ಇದು ಬಳಕೆಯಲ್ಲಿರುವುದನ್ನು ಸಂಶೋಧಕರು ಕಂಡರು.

ಒಂದೊಂದು ಉತ್ತರವೂ ಬಿಡಿಯಾಗಿ ಏನೂ ಹೇಳುವುದಿಲ್ಲ ಅಲ್ವಾ? ಲೆಕ್ಕ ಹಾಕಿದಾಗಲೇ ನನಗೆ ಇದರ ಬಲ ಗೊತ್ತಾಗಿದ್ದು. ಪ್ರತಿ ಪ್ರಶ್ನೆಯೂ ಜನರನ್ನು ಸರಿಯಾಗಿ ಅರ್ಧಕ್ಕೆ ಒಡೆಯುತ್ತದೆ ಎಂದುಕೊಳ್ಳಿ. 33 ಪ್ರಶ್ನೆ ಮುಗಿಯುವ ಹೊತ್ತಿಗೆ ಭೂಮಿಯ ಮೇಲಿನ ಅಷ್ಟೂ ಜನರಲ್ಲಿ ಒಬ್ಬರೇ ಉಳಿಯುತ್ತಾರೆ. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಪೀಟರ್ ಎಕರ್ಸ್‌ಲಿ 2010ರಲ್ಲಿ 4,70,161 ಬ್ರೌಸರ್‌ಗಳ ಬೆರಳಚ್ಚು ಹೋಲಿಸಿ ನೋಡಿದ್ದರು. ಅದರಲ್ಲಿ ಶೇ. 83.6ರಷ್ಟಕ್ಕೆ ಜೊತೆಯೇ ಇರಲಿಲ್ಲ.

ಇದನ್ನು ಓದಿದ ಮೇಲೆ ನಾನು ತಪ್ಪು ದಾರಿ ಹಿಡಿದೆ. ಬ್ರೌಸರ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಸಿಕ್ಕ ಸಿಕ್ಕ ಎಕ್ಸ್‌ಟೆನ್ಶನ್ ಹಾಕಿಕೊಂಡೆ. ಒಂದು ಎಕ್ಸ್‌ಟೆನ್ಶನ್ ನನ್ನ ಲಿನಕ್ಸ್ ಕಂಪ್ಯೂಟರನ್ನು ವಿಂಡೋಸ್ ಎಂದು ತೋರಿಸುತ್ತಿತ್ತು. ನನ್ನ ಪುಟದಲ್ಲಿ ನೋಡಿದರೆ, ಯೂಸರ್ ಏಜೆಂಟ್ (ಬ್ರೌಸರ್ ಸೈಟ್‌ಗೆ ಹೇಳುವ ತನ್ನ ಪರಿಚಯ) ವಿಂಡೋಸ್ ಎನ್ನುತ್ತಿದೆ, ಪ್ಲಾಟ್‌ಫಾರ್ಮ್ ಲಿನಕ್ಸ್ ಎನ್ನುತ್ತಿದೆ, ಫಾಂಟ್‌ಗಳೂ ಲಿನಕ್ಸ್‌ನವೇ. ವಿಪಿಎನ್ ನನ್ನ ಐಪಿಯನ್ನು ಬೇರೆ ದೇಶಕ್ಕೆ ಒಯ್ದಿತ್ತು, ಗಡಿಯಾರ ಇಲ್ಲಿಯದೇ ಉಳಿದಿತ್ತು. ಇನ್ನೊಂದು ಎಕ್ಸ್‌ಟೆನ್ಶನ್ ಕ್ಯಾನ್ವಾಸ್‌ಗೆ ಪ್ರತಿ ಸಲವೂ ಸುಳ್ಳು ಪಿಕ್ಸೆಲ್ ಬೆರೆಸುತ್ತಿತ್ತು. ಒಂದೇ ಚಿತ್ರವನ್ನು ಎರಡು ಸಲ ಬಿಡಿಸಿ ಹೋಲಿಸಿದರೆ ಅದೂ ಬಯಲಾಗುತ್ತದೆ. ಇಂಥ ಬೆರಕೆ ಇರುವವರು ಎಷ್ಟು ಜನ? ಅಡಗಿಕೊಳ್ಳಲು ಹೋಗಿ ಗುಂಪಿನಲ್ಲಿ ಎದ್ದು ಕಾಣುವವನಾಗಿದ್ದೆ.

ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ತೆಗೆದೆ. ವಿಪಿಎನ್ ಬದಲಿಸುವುದು ಐಪಿಯನ್ನು ಮಾತ್ರ ಎಂಬುದು ಆಗ ಮನಸ್ಸಿಗೆ ಇಳಿಯಿತು. ಖಾಸಗಿ ವಿಂಡೋ ಮುಖ್ಯವಾಗಿ ನಮ್ಮ ಕಂಪ್ಯೂಟರ್‌ನಲ್ಲಿ ಜಾಡು ಉಳಿಯದಂತೆ ನೋಡಿಕೊಳ್ಳುತ್ತದೆ. ಎರಡೂ ಕೆಲಸಕ್ಕೆ ಬರುತ್ತವೆ. ಆದರೆ ಬೆರಳಚ್ಚಿಗೆ ಮದ್ದು ಬೇರೆ: ಎಲ್ಲರಂತೆ ಕಾಣುವುದು.

ಬಳಸುವವರ ಗುರುತು ಮರೆಸಲೆಂದೇ ಮಾಡಿದ ಟಾರ್ ಬ್ರೌಸರ್ ಮಾಡುವುದು ಅದನ್ನೇ. ಎಲ್ಲರ ಟೈಮ್ ಝೋನ್ ಕೂಡ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಕಿಟಕಿಯನ್ನು ಎಳೆದು ದೊಡ್ಡದು ಮಾಡಿದರೆ ಸುತ್ತ ಖಾಲಿ ಅಂಚು ಬಿಟ್ಟು ಅಳತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಒಂದೇ ಆಪರೇಟಿಂಗ್ ಸಿಸ್ಟಮ್ ಇರುವ ನನ್ನ ಎರಡು ಕಂಪ್ಯೂಟರ್‌ಗಳಲ್ಲಿ ನೋಡಿದೆ. ಟೈಮ್ ಝೋನ್, ಭಾಷೆ, ಕೋರ್‌ಗಳ ಸಂಖ್ಯೆ ಎಲ್ಲವೂ ಒಂದೇ ಬಂತು. ಯಂತ್ರಗಳು ಮಾತ್ರ ನಿಜಕ್ಕೂ ಬೇರೆ ಬೇರೆ. ಆರೋಗ್ಯದಂಥ ಸೂಕ್ಷ್ಮ ವಿಷಯ ಓದುವುದನ್ನೆಲ್ಲ ನಾನು ಈಗ ಇದರಲ್ಲೇ ಮಾಡುತ್ತೇನೆ, ಒಂದು ಎಕ್ಸ್‌ಟೆನ್ಶನ್ ಕೂಡ ಸೇರಿಸದೆ.

ದಿನದ ಕೆಲಸಕ್ಕೆ ಫೈರ್‌ಫಾಕ್ಸ್ ಮತ್ತು ಜಾಹೀರಾತು, ಟ್ರ್ಯಾಕರ್ ತಡೆಯುವ ಎಕ್ಸ್‌ಟೆನ್ಶನ್ ಯುಬ್ಲಾಕ್ ಒರಿಜಿನ್. ಫೈರ್‌ಫಾಕ್ಸ್‌ನಲ್ಲೂ ಟಾರ್‌ನಿಂದ ಬಂದಿರುವ ಬೆರಳಚ್ಚು ತಡೆಯುವ ಸೆಟ್ಟಿಂಗ್ ಇದೆ. ಎರಡು ವಾರ ಹಾಕಿಕೊಂಡಿದ್ದೆ. ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಸಮಯಗಳೆಲ್ಲ ಯುಟಿಸಿಗೆ ಜಾರಿದವು. ಫೋಟೋ ಕತ್ತರಿಸಿ ಅಪ್‌ಲೋಡ್ ಮಾಡಿದರೆ ಬರೀ ಬಣ್ಣದ ಗೀರು, ಏಕೆಂದರೆ ಕತ್ತರಿಸುವ ಸೌಲಭ್ಯಕ್ಕೂ ಬೇಕಾದದ್ದು ಅದೇ ಕ್ಯಾನ್ವಾಸ್. ಲಾಗಿನ್ ಆಗಿ ಮಾಡುವ ಕೆಲಸಕ್ಕೆ ಇಷ್ಟು ತೊಂದರೆ ಬೇಡ ಎಂದು ಅಲ್ಲಿ ಆ ಸೆಟ್ಟಿಂಗನ್ನು ಆಫ್ ಮಾಡಿದೆ.

ಯುಬ್ಲಾಕ್ ಇದ್ದರೂ ಕೆಲವು ಟ್ರ್ಯಾಕರ್‌ಗಳು ನುಸುಳುತ್ತವೆ ಎಂದು ಕೇಳಿದ್ದೆ. ನಾನು ಆಗಾಗ ಭೇಟಿ ಕೊಡುವ ಒಂದು ಸೈಟ್‌ನ ನೆಟ್‌ವರ್ಕ್ ಪಟ್ಟಿ ತೆರೆದಾಗ ಅದರದ್ದೇ ಸಬ್‌ಡೊಮೈನ್‌ನಿಂದ ಒಂದು ಸ್ಕ್ರಿಪ್ಟ್ ಬರುತ್ತಿತ್ತು. ಹೆಸರು ಮನೆಯವರದ್ದೇ, ಅನುಮಾನಕ್ಕೆ ಜಾಗವಿಲ್ಲ. ಸುಮ್ನೆ ಒಂದು ಸಲ, ಸೈಟ್ ಹೆಸರಿನ ಹಿಂದೆ ಯಾವ ಸರ್ವರ್ ಇದೆ ಎಂದು ತೋರಿಸುವ ಡಿಗ್ ಕಮಾಂಡ್ ಓಡಿಸಿದೆ. ಆ ಹೆಸರಿನ ಸಿನೇಮ್ ದಾಖಲೆ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತಿರುಗಿಸುವ ದಾಖಲೆ) ನೇರವಾಗಿ ಒಂದು ಜಾಹೀರಾತು ಕಂಪನಿಯ ಸರ್ವರ್‌ಗೆ ಹೋಗುತ್ತಿತ್ತು. ಹೊರಗಿನವರಿಗೆ ಮನೆಯ ಹೆಸರು ಕೊಟ್ಟು ಒಳಗೆ ಕೂರಿಸಿದಂತೆ. ಬ್ರೌಸರ್ ಕಣ್ಣಿಗೆ ಅದು ಇಡುವ ಕುಕೀ ಸೈಟ್‌ನ ಸ್ವಂತದ್ದು, ಹಾಗಾಗಿ ಮೂರನೆಯವರ ಕುಕೀ ತಡೆಯುವ ನಿಯಮ ಅದಕ್ಕೆ ತಾಗುವುದಿಲ್ಲ. ಫೈರ್‌ಫಾಕ್ಸ್ ಹೆಸರು ಎಲ್ಲಿಗೆ ಹೋಗುತ್ತದೆ ಎಂಬ ಈ ಡಿಎನ್‌ಎಸ್ ಮಾಹಿತಿಯನ್ನು ಎಕ್ಸ್‌ಟೆನ್ಶನ್‌ಗೆ ಕೊಡುತ್ತದೆ, ಕ್ರೋಮ್ ಕೊಡುವುದಿಲ್ಲ. ಯುಬ್ಲಾಕ್ ಇಂಥವರ ಮುಸುಕು ತೆಗೆಯುವುದು ಫೈರ್‌ಫಾಕ್ಸ್‌ನಲ್ಲಿ ಮಾತ್ರ. ನಾನು ಬ್ರೌಸರ್ ಬದಲಿಸಿದ್ದು ಇದೊಂದೇ ಕಾರಣಕ್ಕೆ.

ಇಷ್ಟಾದರೂ ಜಾಸ್ತಿ ಸೋರುತ್ತಿದ್ದದ್ದು ನಾನೇ ಕೈಯಾರೆ ಕೊಡುತ್ತಿದ್ದ ಇಮೇಲ್ ವಿಳಾಸ. ಎರಡು ಸೈಟ್‌ಗಳಲ್ಲಿ ಒಂದೇ ವಿಳಾಸ ಕೊಟ್ಟರೆ, ಅವು ಅದನ್ನು ಒಂದೇ ವಿಧಾನದಲ್ಲಿ ಹ್ಯಾಶ್ ಮಾಡಿ, ಅಂದರೆ ಗುರುತು ಸಿಗದ ಅಕ್ಷರಗಳ ಸಾಲಾಗಿ ಬದಲಿಸಿ, ಜಾಹೀರಾತು ಕಂಪನಿಗೆ ಕಳಿಸಬಹುದು. ಹ್ಯಾಶ್‌ನಲ್ಲಿ ಹೆಸರು ಕಾಣುವುದಿಲ್ಲ ನಿಜ, ಆದರೆ ಎರಡೂ ಕಡೆ ಅದು ಒಂದೇ. ಹೊಂದಿಸಿ ನೋಡಲು ಅಷ್ಟು ಸಾಕು. ಬ್ರೌಸರ್ ಬದಲಿಸಿ, ಫೋನ್ ಬದಲಿಸಿ, ಅದು ಬದಲಾಗುವುದಿಲ್ಲ. ಈಗ ಹೊಸ ಖಾತೆ ತೆರೆಯುವಾಗಲೆಲ್ಲ ಒಂದೊಂದು ಬೇರೆ ಅಲಿಯಾಸ್ ವಿಳಾಸ (ಬಂದ ಮೇಲ್ ಅನ್ನು ನನ್ನ ಅಸಲಿ ವಿಳಾಸಕ್ಕೆ ಕಳಿಸುವ ಬದಲಿ ವಿಳಾಸ) ಮಾಡಿಕೊಳ್ಳುತ್ತೇನೆ. ಹಳೆಯ ಖಾತೆಗಳನ್ನು ವಾರಕ್ಕೆ ಎರಡು ಮೂರರಂತೆ ಬದಲಿಸುತ್ತಿದ್ದೇನೆ. ಇನ್ನೂ ಅರ್ಧದಷ್ಟು ಬಾಕಿ ಇವೆ.