ಕಚೇರಿಯಲ್ಲಿ ಪರಸ್ಪರ ಗೌರವ: ಕರೆಯುವ ರೀತಿಯಿಂದಲೇ ಆರಂಭಿಸಿ

ಹತ್ತಿಪ್ಪತ್ತು ಮಂದಿ ಇರುವ ಕಚೇರಿಗೆ ನೀವು ಮುಖ್ಯಸ್ಥರೇ? ಹಾಗಾದರೆ ಗೌರವದ ಬಗ್ಗೆ ಉಪನ್ಯಾಸ ಏರ್ಪಡಿಸುವ ಮೊದಲು ಒಂದು ದಿನ ಸುಮ್ಮನೆ ಕಿವಿಗೊಟ್ಟು ಕುಳಿತುಕೊಳ್ಳಿ. ಈಚೆಗೆ ಸೇರಿದ ಇಪ್ಪತ್ತಮೂರರ ಅಧಿಕಾರಿ ‘ಸರ್’ ಆಗಿರುತ್ತಾರೆ; ನಿವೃತ್ತಿಗೆ ಹತ್ತಿರವಾದ ಅಟೆಂಡರ್ ಮಾತ್ರ ‘ಏಯ್, ಬಾ ಇಲ್ಲಿ’. ರೋಗದ ಮೂಲ ಅಲ್ಲೇ ಸಿಗುತ್ತದೆ.

ಮೊದಲ ಹೆಜ್ಜೆ, ಎಲ್ಲರಿಗೂ ಬಹುವಚನ. ಕಸ ಗುಡಿಸುವವರು, ಕಾವಲುಗಾರರು, ಚಾಲಕರು, ಹೊರಗುತ್ತಿಗೆಯವರು ಯಾರೇ ಆಗಲಿ, ಹೆಸರಿಗೆ ‘ಅವರೇ’ ಸೇರಿಸಿ ಕರೆಯಿರಿ. ಇದಕ್ಕೆ ಸುತ್ತೋಲೆ ಬೇಡ, ನೀವೇ ಶುರು ಮಾಡಿದರೆ ಸಾಕು. ಮೊದಮೊದಲು ಅವರಿಗೇ ಮುಜುಗರವಾಗುತ್ತದೆ, ಬೆನ್ನ ಹಿಂದೆ ನಗುವವರೂ ಇರುತ್ತಾರೆ. ಬಿಡಬೇಡಿ. ಗೆಳೆಯರಿಬ್ಬರು ತಮ್ಮೊಳಗೆ ಏಕವಚನದಲ್ಲಿ ಮಾತಾಡಿಕೊಂಡರೆ ಯಾರಿಗೂ ತಕರಾರಿಲ್ಲ. ಒಬ್ಬರು ‘ನೀನು’ ಎಂದಾಗ ಇನ್ನೊಬ್ಬರು ‘ನೀವು’ ಎಂದೇ ಉತ್ತರಿಸಬೇಕಾದ ಕಡೆ ತೊಂದರೆ ಇದೆ.

ಎರಡನೆಯದು ಚಹಾದ ಹೊತ್ತು. ಶೌಚಾಲಯ ತೊಳೆಯುವವರಿಗೆ ಬೇರೆ ಲೋಟ, ಕೂರಲು ಮೆಟ್ಟಿಲು ಎಂಬ ಪದ್ಧತಿ ಇದ್ದರೆ ಅದೇ ದಿನ ನಿಲ್ಲಿಸಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಇದರ ಬಗ್ಗೆ ಸಿಬ್ಬಂದಿ ಸಭೆಯಲ್ಲಿ ಒಮ್ಮತ ಕೇಳುವ ಅಗತ್ಯವಿಲ್ಲ. ಊಟದ ಡಬ್ಬಿ ನೋಡಿ ಜಾತಿ ಲೆಕ್ಕ ಹಾಕುವ ‘ತಮಾಷೆ’ಗೂ ಇದೇ ಮದ್ದು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರನ್ನೂ ಗದರಿಸಬೇಡಿ. ತಪ್ಪಿದ್ದರೆ ಕರೆದು ಹೇಳಿ. ಕಡತದ ಟಿಪ್ಪಣಿಯನ್ನು ಕಿರಿಯರು ಬರೆದಿದ್ದರೆ ಮೇಲಧಿಕಾರಿಗಳ ಎದುರು ಅವರ ಹೆಸರನ್ನೇ ಹೇಳಿ. ಇಷ್ಟಕ್ಕೂ ಖರ್ಚೇನೂ ಇಲ್ಲ, ಆದರೂ ಅನೇಕರಿಗೆ ಇದೇ ಕಷ್ಟ.

ಕೊನೆಯದು ನಿಮ್ಮ ಸೌಜನ್ಯಕ್ಕೆ ಬಿಟ್ಟ ವಿಷಯವಲ್ಲ, ಕಾನೂನು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನವರೊಬ್ಬರೂ ಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು.

ಸಮಿತಿಯ ಫಲಕವನ್ನು ಬೀರುವಿನ ಮರೆಯಲ್ಲಿ ತೂಗುಹಾಕುವುದು ನಮ್ಮಲ್ಲಿ ರೂಢಿ. ಅದನ್ನು ಹಾಜರಿ ಹಾಕುವ ಜಾಗದಲ್ಲಿ, ಕನ್ನಡದಲ್ಲಿ ಬರೆಸಿ ಹಾಕಿ. ಹೊರಗುತ್ತಿಗೆ ಮಹಿಳೆಯರೂ ದೂರು ಕೊಡಬಹುದು ಎಂಬ ಸಾಲು ಅದರಲ್ಲಿ ದಪ್ಪಕ್ಷರದಲ್ಲಿರಲಿ.