ಬೊನೈರ್‌ನಲ್ಲಿ ದಡದಿಂದಲೇ ಡೈವಿಂಗ್: ನಾನು ಅನುಸರಿಸುವ ಕ್ರಮ

ಬೊನೈರ್‌ನ ದೊಡ್ಡ ಅನುಕೂಲವೆಂದರೆ ಅಲ್ಲಿ ಡೈವಿಂಗ್‌ಗೆ ದೋಣಿ ಬೇಕಿಲ್ಲ. ವೆನೆಜುವೆಲಾದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿರುವ ಈ ಡಚ್ ಕೆರಿಬಿಯನ್ ದ್ವೀಪದಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದಲೇ ಬೀಸುತ್ತದೆ. ಹಾಗಾಗಿ ಪಶ್ಚಿಮ ತೀರ ಗಾಳಿಯ ಮರೆಯಲ್ಲಿ ಶಾಂತವಾಗಿರುತ್ತದೆ. ಪಿಕಪ್ ಬಾಡಿಗೆಗೆ ಹಿಡಿದು, ಹಿಂದೆ ಗಾಳಿ ತುಂಬಿದ ಟ್ಯಾಂಕ್ ಹಾಕಿಕೊಂಡು, ರಸ್ತೆ ಪಕ್ಕ ತಾಣದ ಹೆಸರು ಬರೆದ ಹಳದಿ ಕಲ್ಲು ಕಂಡಲ್ಲಿ ನಿಲ್ಲಿಸಿ ಇಳಿದರಾಯಿತು. ಗೈಡ್ ಇಲ್ಲದೆಯೂ ಇಳಿಯಬಹುದು. ಅಲ್ಲಿಗೆ ಹವಳಕ್ಕೆ ಏಟು ಬೀಳದಂತೆ ನೋಡಿಕೊಳ್ಳುವ ಹೊಣೆಯೂ ಪೂರ್ತಿ ನಮ್ಮ ತಲೆಗೇ ಬಂತು.

ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗಿನ ಸಮುದ್ರವೆಲ್ಲ 1979ರಿಂದ ಸಾಗರ ಉದ್ಯಾನ. ಎದುರಿನ ಪುಟ್ಟ ದ್ವೀಪ ಕ್ಲೈನ್ ಬೊನೈರ್‌ನ ಸುತ್ತಲ ನೀರೂ ಇದರಲ್ಲೇ ಸೇರಿದೆ. ಉದ್ಯಾನವನ್ನು ನಡೆಸುವ ಸ್ಟಿನಾಪಾ ಸಂಸ್ಥೆಗೆ 40 ಡಾಲರ್ ಶುಲ್ಕ ಕಟ್ಟಬೇಕು. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮುಗಿಸಿಬಿಡಿ. ದ್ವೀಪದ ನಾಣ್ಯ 2011ರಿಂದ ಅಮೆರಿಕನ್ ಡಾಲರೇ, ಬೇರೆ ಹಣ ಬದಲಾಯಿಸುವ ತಾಪತ್ರಯವಿಲ್ಲ. ಆಮೇಲೆ ಒಂದು ಡೈವ್ ಸೆಂಟರ್‌ನಲ್ಲಿ ನಿಯಮಗಳ ವಿವರಣೆ ಕೇಳಿ, ಪರಿಚಯದ ಡೈವ್ ಮಾಡಬೇಕು. ನೂರಾರು ಡೈವ್ ಮಾಡಿದವರಿಗೂ ಇದರಿಂದ ವಿನಾಯಿತಿಯಿಲ್ಲ. ಕೈಗವಸು ಹಾಕುವಂತಿಲ್ಲ. ಕಾರಣ ಸರಳ: ಗವಸು ಇದ್ದವರು ಹವಳ ಹಿಡಿದೇ ಹಿಡಿಯುತ್ತಾರೆ.

ಪರಿಚಯದ ಡೈವನ್ನು ಕಾಟಾಚಾರಕ್ಕೆ ಮಾಡಿ ಮುಗಿಸುವವರೇ ಹೆಚ್ಚು. ನಾನು ಅದನ್ನು ಬಳಸುವುದು, ಮುಳುಗಲು ಹಾಕಿಕೊಳ್ಳುವ ಸೀಸದ ತೂಕ ಸರಿಮಾಡಿಕೊಳ್ಳಲು. ಅಲ್ಲಿ ಸಾಮಾನ್ಯವಾಗಿ ಸಿಗುವುದು 11 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್. ಅದರೊಳಗಿನ ಒತ್ತಡ 200 ಬಾರ್ ಇದ್ದದ್ದು 50ಕ್ಕೆ ಇಳಿಯುವಷ್ಟರಲ್ಲಿ ಸುಮಾರು 2 ಕೆಜಿ ಗಾಳಿ ಖರ್ಚಾಗಿರುತ್ತದೆ. ಅಷ್ಟರ ಮಟ್ಟಿಗೆ ನಾವು ಹಗುರಾಗಿರುತ್ತೇವೆ. ಆದ್ದರಿಂದ ತೂಕದ ಪರೀಕ್ಷೆಯನ್ನು ಡೈವ್ ಮುಗಿದ ಮೇಲೆ, 50 ಬಾರ್ ಉಳಿದಾಗ ಮಾಡಬೇಕು. ಬಿಸಿಡಿಯ (ತೇಲಲು ಗಾಳಿ ತುಂಬುವ ಜಾಕೆಟ್‌ನ) ಗಾಳಿ ಪೂರ್ತಿ ಬಿಟ್ಟು, ಮಾಮೂಲು ಉಸಿರು ಹಿಡಿದು ಕಾಲಾಡಿಸದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಉಸಿರು ಬಿಟ್ಟಾಗ ನಿಧಾನಕ್ಕೆ ಮುಳುಗಬೇಕು. ತುಂಬಿದ ಟ್ಯಾಂಕಿನಲ್ಲೇ ಪರೀಕ್ಷಿಸಬೇಕಾಗಿ ಬಂದರೆ, ಸಿಕ್ಕ ಲೆಕ್ಕಕ್ಕೆ 2 ಕೆಜಿ ಸೇರಿಸಿ.

ಹೆಚ್ಚು ತೂಕ ಹಾಕಿಕೊಂಡರೆ ಅದನ್ನು ಸರಿದೂಗಿಸಲು ಬಿಸಿಡಿಗೆ ಗಾಳಿ ತುಂಬಬೇಕಾಗುತ್ತದೆ. ಎದೆ ಮೇಲೇಳುತ್ತದೆ, ಕಾಲು ಜೋತುಬೀಳುತ್ತದೆ. ಕಾಲಿಗೆ ಹಾಕಿದ ಫಿನ್ಸ್ (ಈಜುರೆಕ್ಕೆ) ಹವಳಕ್ಕೆ ಬಡಿಯುತ್ತದೆ, ಇಲ್ಲವೇ ಮರಳೆಬ್ಬಿಸಿ ಹವಳದ ಮೇಲೆ ಸುರಿಯುತ್ತದೆ. ಬೊನೈರ್‌ನಲ್ಲಿ ಇದು ಇನ್ನೂ ಕಷ್ಟ. ಏಕೆಂದರೆ ದಡದಿಂದ ಸುಮಾರು 10 ಮೀಟರ್ ಆಳದವರೆಗೆ ತಟ್ಟೆಯಂಥ ನೆಲ, ಅಲ್ಲಿಂದ ಮುಂದೆ ಇಳಿಜಾರು. ಅಂದರೆ ಪ್ರತಿ ಡೈವ್‌ನ ಕೊನೆಯಲ್ಲೂ, ಟ್ಯಾಂಕ್ ಹಗುರಾದಾಗ, ಈ ತಟ್ಟೆಯ ಮೇಲೆಯೇ ಈಜಿ ಹಿಂತಿರುಗಬೇಕು. 10 ಮೀಟರಿನಲ್ಲಿದ್ದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಬಿಸಿಡಿಯಲ್ಲಿ ಗಾಳಿ ಹೆಚ್ಚಿದ್ದಷ್ಟೂ ಅಂಕೆ ತಪ್ಪುತ್ತದೆ. ತೂಕ ಸರಿಯಿದ್ದರೆ ಮೇಲೆ ಬರುವ ಮುನ್ನ 5 ಮೀಟರಿನಲ್ಲಿ ಮೂರು ನಿಮಿಷ ಇರುವ ಸುರಕ್ಷತಾ ನಿಲುಗಡೆಯನ್ನು ದಡದ ಕಡೆ ಈಜುತ್ತಲೇ ಮುಗಿಸಬಹುದು.

ನೀರಿಗಿಳಿಯಲು ಗಟ್ಟಿ ಅಟ್ಟೆಯ ಬೂಟು ಬೇಕೇ ಬೇಕು. ದಡವೆಂದರೆ ಸತ್ತ ಹವಳದ ಚೂಪು ಕಲ್ಲುಗಳು, ನಡುನಡುವೆ ಗುಂಡಿಗಳು. ಅಲೆಗಳು ಗುಂಪಾಗಿ ಬಂದು ನಡುವೆ ಬಿಡುವು ಕೊಡುತ್ತವೆ. ಒಂದೆರಡು ನಿಮಿಷ ನಿಂತು ನೋಡಿ ಆ ಬಿಡುವಿನಲ್ಲಿ ಇಳಿಯಿರಿ. ಬಿಸಿಡಿಯಲ್ಲಿ ಗಾಳಿ, ಬಾಯಲ್ಲಿ ಉಸಿರಾಡುವ ರೆಗ್ಯುಲೇಟರ್ ಇರಲಿ, ಜೊತೆಗಾರರ ಕೈ ಹಿಡಿದು ಪಾದ ಎತ್ತದೆ ಸವರಿಕೊಂಡು ನಡೆಯಿರಿ. ಸೊಂಟದ ನೀರಿಗೆ ಬಂದ ಮೇಲೆ ಫಿನ್ಸ್. ಮುಳುಗುವ ಮೊದಲು ಒಮ್ಮೆ ಹಿಂತಿರುಗಿ, ಹಳದಿ ಕಲ್ಲನ್ನೂ ಅದರ ಹಿಂದಿನ ಮರವನ್ನೋ ಕಂಬವನ್ನೋ ಒಂದೇ ಗೆರೆಯಲ್ಲಿ ಗುರುತಿಟ್ಟುಕೊಳ್ಳಿ. ಇಳಿಜಾರಿನ ಅಂಚಿನಲ್ಲಿ ದೋಣಿ ಕಟ್ಟುವ ತೇಲುಗುಂಡಿನ ಕಾಂಕ್ರೀಟ್ ದಿಮ್ಮಿ ಸಿಕ್ಕರೆ ಅದೇ ನೀರೊಳಗಿನ ಗುರುತು. ಪ್ರವಾಹ ಯಾವ ಕಡೆಗೆಂದು ಮೆದು ಹವಳಗಳು ಬಾಗಿದ ದಿಕ್ಕೇ ಹೇಳುತ್ತದೆ. ಮೊದಲು ಅದಕ್ಕೆದುರಾಗಿ ಈಜಿ, 120 ಬಾರ್‌ಗೆ ತಿರುಗಿಬಿಡಿ.

ಗಾಡಿಯಲ್ಲಿ ಏನನ್ನೂ ಬಿಡಬೇಡಿ. ಕಿಟಕಿ ಇಳಿಸಿ, ಬಾಗಿಲು ಲಾಕ್ ಮಾಡದೆ ಬಿಡುವುದು ಅಲ್ಲಿನ ರೂಢಿ. ಕಳ್ಳ ಬಂದರೂ ಗಾಜಾದರೂ ಉಳಿಯುತ್ತದೆ.

ಹಿಲ್ಮಾ ಹೂಕರ್ ಎಂಬ 1984ರಲ್ಲಿ ಮುಳುಗಿದ ಸರಕು ಹಡಗು 30 ಮೀಟರಿನಲ್ಲಿ ಮಗ್ಗುಲಾಗಿ ಮಲಗಿದೆ. ಅದಕ್ಕೆ 32 ಶೇಕಡಾ ಆಮ್ಲಜನಕವಿರುವ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಸರಿಹೊಂದುತ್ತದೆ, ಆದರೆ 33 ಮೀಟರ್ ದಾಟಬಾರದು. ಹಡಗಿಗೆ ಉಪ್ಪು ತುಂಬುವ ಕಟ್ಟೆಯಾದ ಸಾಲ್ಟ್ ಪಿಯರ್‌ಗೆ ಹೊರಡುವ ಮುನ್ನ ಉಪ್ಪಿನ ಹಡಗು ಬಂದಿದೆಯೇ ವಿಚಾರಿಸಿ. ಹಡಗಿದ್ದರೆ ಡೈವಿಂಗ್ ಇಲ್ಲ.

ರಾತ್ರಿ ಡೈವ್‌ನಲ್ಲಿ ಆಳೆತ್ತರಕ್ಕೂ ಬೆಳೆಯುವ ಟಾರ್ಪನ್ ಮೀನುಗಳು ಪಕ್ಕದಲ್ಲೇ ಬರುತ್ತವೆ. ಅವಕ್ಕೆ ನಮ್ಮ ಟಾರ್ಚೇ ಬೇಟೆಯ ದೀಪ. ಮಲಗಿದ ಸಣ್ಣ ಮೀನಿನ ಮೇಲೆ ಬೆಳಕು ನಿಲ್ಲಿಸಿದರೆ ಕ್ಷಣದಲ್ಲಿ ಅದು ಮಾಯ. ಹುಣ್ಣಿಮೆ ಕಳೆದ ಎರಡರಿಂದ ಐದನೇ ರಾತ್ರಿಯವರೆಗೆ ಇನ್ನೊಂದು ನೋಟ ಸಿಗುತ್ತದೆ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಗೆ, ಚಂದ್ರ ಏಳುವ ಮೊದಲು, ಆಸ್ಟ್ರಕಾಡ್ ಎಂಬ ಕಾಳಿಗಿಂತ ಸಣ್ಣ ಜೀವಿಗಳ ಗಂಡುಗಳು ಹೆಣ್ಣನ್ನು ಕರೆಯಲು ನೀಲಿ ಬೆಳಕಿನ ಚುಕ್ಕೆಗಳನ್ನು ಸಾಲಾಗಿ ಉಗುಳುತ್ತವೆ. ಆಳವಿಲ್ಲದ ನೀರಿನಲ್ಲಿ ಟಾರ್ಚ್ ಆರಿಸಿ, ಕಣ್ಣು ಹೊಂದಿಕೊಳ್ಳಲು ಬಿಟ್ಟರಷ್ಟೇ ಕಾಣುವುದು.

ಕಲ್ಲುಹವಳಗಳ ಅಂಗಾಂಶವನ್ನೇ ಕೊಲ್ಲುವ ರೋಗ 2023ರಲ್ಲಿ ಇಲ್ಲಿಗೂ ಬಂತು. ಒದ್ದೆ ಸಾಮಾನಿನ ಮೂಲಕ ಅದು ಒಂದು ತಾಣದಿಂದ ಇನ್ನೊಂದಕ್ಕೆ ಹೋಗಬಹುದು. ಹಾಗಾಗಿ ಆರೋಗ್ಯವಾಗಿರುವ ತಾಣ ಮೊದಲು, ರೋಗವಿರುವುದು ಕೊನೆಗೆ. ಸಂಜೆ ಡೈವ್ ಸೆಂಟರ್‌ನ ಸೋಂಕುನಿವಾರಕ ತೊಟ್ಟಿಯಲ್ಲಿ ಅದ್ದಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಎಲ್ಲರೂ ಮರೆಯುವುದು ಬಿಸಿಡಿಯ ಒಳಗೆ ಸೇರಿದ ನೀರನ್ನು. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಈಜಂಗಿಯೇ ವಾಸಿ.

ವಿಮಾನ ಹತ್ತುವ ಮೊದಲಿನ 24 ಗಂಟೆ ನೀರಿಗಿಳಿಯುವುದಿಲ್ಲ. ದಿನಾ ಡೈವ್ ಮಾಡಿದವರಿಗೆ ಕನಿಷ್ಠ 18 ಗಂಟೆ ಎನ್ನುತ್ತಾರೆ, ನನಗದು ಬಿಗಿಯೆನಿಸುತ್ತದೆ. ಆ ದಿನ ಉತ್ತರದ ವಾಷಿಂಗ್ಟನ್ ಸ್ಲಾಗ್‌ಬಾಯ್ ರಾಷ್ಟ್ರೀಯ ಉದ್ಯಾನಕ್ಕೆ ಇಡಬಹುದು. ಅಲ್ಲಿನ ಬ್ರಾಂಡಾರಿಸ್ ಬೆಟ್ಟ ದ್ವೀಪದಲ್ಲೇ ಎತ್ತರದ್ದಾದರೂ 241 ಮೀಟರ್ ಅಷ್ಟೇ. ರಸ್ತೆ ಕಚ್ಚಾ, ನೆಲದಿಂದ ಎತ್ತರವಿರುವ ಗಾಡಿಯೇ ಬೇಕು. ಹಳದಿ ಗುರುತಿನದು ಉದ್ದದ ದಾರಿ, ಹಸಿರಿನದು ಗಿಡ್ಡ. ಉದ್ದದ್ದಕ್ಕೆ ಹೋಗುವವರು ಗೇಟು ತೆರೆಯುವ ಹೊತ್ತಿಗೇ ಅಲ್ಲಿರಬೇಕು.