ಪೆಟ್ರೋಲ್ ಆವಿ ಎಲ್ಲಿ ಸೋರುತ್ತಿದೆ? ಹುಡುಕಾಟ ಮುಚ್ಚಳದಿಂದ ಶುರುವಾಗಲಿ

ಕಾರು ಚೆನ್ನಾಗೇ ಓಡುತ್ತಿದೆ. ಪಿಕಪ್ ಕಡಿಮೆಯಾಗಿಲ್ಲ, ಹೊಸ ಸದ್ದೂ ಇಲ್ಲ. ಆದರೂ ಚೆಕ್ ಎಂಜಿನ್ ಲೈಟ್ ಹೊತ್ತಿಕೊಂಡಿದೆ. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0442 ಅಂತ ಬರುತ್ತದೆ. ಇದು ಇವ್ಯಾಪ್‌ನ ದೂರು. ಪೆಟ್ರೋಲ್ ಆವಿ ಗಾಳಿಗೆ ಸೇರದಂತೆ ಹಿಡಿದಿಡುವ ಏರ್ಪಾಟಿಗೆ ಆ ಹೆಸರು.

ಟ್ಯಾಂಕಿನಲ್ಲಿ ಏಳುವ ಆವಿ ಇದ್ದಿಲು ತುಂಬಿದ ಕ್ಯಾನಿಸ್ಟರ್‌ಗೆ ಹೋಗಿ ಕೂರುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಳ್ಳುತ್ತದೆ. ಆಗ ಎಂಜಿನ್ ಆ ಆವಿಯನ್ನು ಎಳೆದುಕೊಂಡು ಉರಿಸುತ್ತದೆ. ಕ್ಯಾನಿಸ್ಟರ್‌ಗೆ ಹೊರಗಿನ ಗಾಳಿ ಬರುವುದು ವೆಂಟ್ ವಾಲ್ವ್ ಮೂಲಕ. ವಾಲ್ವಿಗೆ ಕರೆಂಟ್ ಹೋಗದಿರುವಾಗ ಸಾಮಾನ್ಯವಾಗಿ ಪರ್ಜ್ ವಾಲ್ವ್ ಮುಚ್ಚಿರುತ್ತದೆ, ವೆಂಟ್ ವಾಲ್ವ್ ತೆರೆದಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಪರೀಕ್ಷೆ ಇದರ ಮೇಲೇ ನಿಂತಿದೆ.

ಸೋರಿಕೆಯ ಕೋಡ್‌ಗಳು ಯಾವ ಭಾಗ ಕೆಟ್ಟಿದೆ ಅಂತ ಹೇಳುವುದಿಲ್ಲ, ಎಷ್ಟು ಸೋರುತ್ತಿದೆ ಅಂತಷ್ಟೇ ಹೇಳುತ್ತವೆ. ಪಿ0455 ಅಂದರೆ ದೊಡ್ಡ ಸೋರಿಕೆ. ಪಿ0442 ಸಣ್ಣದು, ಸುಮಾರು 1 ಮಿ.ಮೀ. ತೂತಿನಷ್ಟು. ಪಿ0456 ಇನ್ನೂ ಸಣ್ಣದು, ಅದರ ಅರ್ಧ. ಕೋಡ್ ನೋಡಿದ ಕೂಡಲೇ ಕ್ಯಾನಿಸ್ಟರ್ ಬದಲಿಸುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಸುಮ್ನೆ ದುಡ್ಡು ಹೋಗುತ್ತದೆ, ಲೈಟ್ ಮತ್ತೆ ಹೊತ್ತಿಕೊಳ್ಳುತ್ತದೆ.

ಮೊದಲು ಪೆಟ್ರೋಲ್ ಹಾಕುವ ಮುಚ್ಚಳ ಬಿಚ್ಚಿ. ಅದರ ರಬ್ಬರ್ ರಿಂಗನ್ನು ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಮೆಲ್ಲಗೆ ಬಾಗಿಸಿ. ಕೂದಲೆಳೆಯಂಥ ಬಿರುಕುಗಳು ಬಾಗಿಸಿದಾಗಲೇ ಬಾಯಿ ಬಿಡುವುದು. ರಿಂಗಿನ ಸುತ್ತ ಉಗುರು ಆಡಿಸಿದರೆ ಗಟ್ಟಿಯಾದ, ಚಪ್ಪಟೆಯಾದ ಜಾಗ ಗೊತ್ತಾಗುತ್ತದೆ. ರಿಂಗ್ ಕೂರುವ ಕೊಳವೆಯ ಅಂಚಿನಲ್ಲಿ ತುಕ್ಕು ಇದೆಯಾ ಅಂತಲೂ ನೋಡಿ. ಆಮೇಲೆ ಟಿಕ್ ಅನ್ನುವವರೆಗೆ ಬಿಗಿ ಮಾಡಿ. ಮುಚ್ಚಳವೇ ಕಾರಣವಾಗಿದ್ದರೂ ಲೈಟ್ ತಕ್ಷಣ ಆರುವುದಿಲ್ಲ, ಕೆಲವು ಸಲ ಓಡಿಸಬೇಕು.

ಮುಚ್ಚಳ ಸರಿಯಿದ್ದರೆ ಪರ್ಜ್ ವಾಲ್ವ್ ಕಡೆ ಬನ್ನಿ. ಪೆಟ್ರೋಲ್ ತುಂಬಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ತಿಣುಕಾಡುತ್ತದೆಯೇ? ಹಾಗಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೇ. ತೆರೆದೇ ಸಿಕ್ಕಿಕೊಂಡ ವಾಲ್ವ್ ಟ್ಯಾಂಕಿನ ಆವಿಯನ್ನೆಲ್ಲ ಎಂಜಿನ್‌ಗೆ ಬಿಡುತ್ತದೆ. ಪಿ0496 ಕೋಡ್ ಹೇಳುವುದೂ ಇದನ್ನೇ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ. ಕ್ಯಾನಿಸ್ಟರ್ ಕಡೆಯ ಹೋಸ್ ಕಳಚಿ, ವಾಲ್ವಿನ ಬಾಯಿಗೆ ಹೆಬ್ಬೆರಳು ಇಡಿ. ತಣ್ಣಗಿರುವಾಗ ಅಲ್ಲಿ ಎಳೆತ ಇರಬಾರದು. ಬೆರಳನ್ನು ಒಂದೇ ಸಮನೆ ಹೀರುತ್ತಿದ್ದರೆ ವಾಲ್ವ್ ಹೋಗಿದೆ. ಸುತ್ತ ಬೀಡಿ, ಸಿಗರೇಟು, ಕಿಡಿ ಯಾವುದೂ ಬೇಡ, ಬಾಯಿಂದ ಊದಿ ನೋಡುವುದೂ ಬೇಡ.

ವಾಲ್ವನ್ನು ಬಿಚ್ಚಿ ತಟ್ಟಿದಾಗ ಕಪ್ಪು ಹರಳು ಉದುರಿದರೆ ಅದು ಕ್ಯಾನಿಸ್ಟರಿನ ಇದ್ದಿಲು. ಆಗ ವಾಲ್ವ್ ಒಂದನ್ನೇ ಬದಲಿಸಿದರೆ ಹೊಸದೂ ಅದೇ ರೀತಿ ಕಟ್ಟಿಕೊಳ್ಳುತ್ತದೆ. ಪಂಪ್ ಟಕ್ ಅಂತ ನಿಂತ ಮೇಲೂ ಇನ್ನಷ್ಟು ತುಂಬಿಸುವ ಅಭ್ಯಾಸ ಕ್ಯಾನಿಸ್ಟರ್ ಹಾಳಾಗಲು ಒಂದು ಕಾರಣ. ಪೆಟ್ರೋಲೇ ಅದರೊಳಗೆ ನುಗ್ಗುತ್ತದೆ. ದಯವಿಟ್ಟು ಬಿಟ್ಟುಬಿಡಿ.

ಪೆಟ್ರೋಲ್ ಹಾಕುವಾಗ ನಳಿಕೆ ಪದೇ ಪದೇ ನಿಲ್ಲುತ್ತಿದ್ದರೆ ವೆಂಟ್ ದಾರಿ ಕಟ್ಟಿಕೊಂಡಿರಬಹುದು. ಅದು ಹೆಚ್ಚಾಗಿ ಟ್ಯಾಂಕಿನ ಹತ್ತಿರ, ಕಾರಿನ ಅಡಿಯಲ್ಲಿ ಇರುತ್ತದೆ. ಧೂಳು, ಕೆಸರು ಸೇರುವ ಜಾಗ. ಜೇಡ ಕೂಡ ಗೂಡು ಕಟ್ಟುತ್ತದೆ! 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಸಾವಿರಾರು ಮಜ್ದಾ 6 ಕಾರುಗಳನ್ನು ವಾಪಸ್ ಕರೆಸಿದ್ದು ಇದೇ ಕಾರಣಕ್ಕೆ. ವೆಂಟ್ ಪೈಪಿನಲ್ಲಿ ಜೇಡರ ಬಲೆ ಕಟ್ಟಿಕೊಂಡು ಟ್ಯಾಂಕ್ ಬಿರುಕು ಬಿಡುವ ಅಪಾಯವಿತ್ತು.

ಹೋಸ್‌ಗಳನ್ನು ಕೊನೆಯ ತುದಿಗಳಲ್ಲಿ ಹಿಸುಕಿ ನೋಡಿ. ಬಿರುಕು ಬರುವುದು ಜಾಸ್ತಿ ಅಲ್ಲೇ. ಏನೂ ಸಿಗದಿದ್ದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ. ವೆಂಟ್ ವಾಲ್ವ್ ಮುಚ್ಚಿ, ಒಂದು ಪಿಎಸ್ಐಗಿಂತ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿಸುತ್ತಾರೆ. ಸೋರುವ ಜಾಗದಿಂದ ಎಳೆಯಾಗಿ ಹೊಗೆ ಏಳುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಮಾತ್ರ ಹಾಕಲೇಬೇಡಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ರಾತ್ರಿಯಿಡೀ ತಣ್ಣಗೆ ನಿಂತಿರಬೇಕು. ಟ್ಯಾಂಕ್ ಪೂರ್ತಿ ತುಂಬಿಯೂ ಇರಬಾರದು, ಖಾಲಿಯೂ ಆಗಿರಬಾರದು. ಹೆಚ್ಚಿನ ಕಾರುಗಳಿಗೆ ಅರ್ಧ ಟ್ಯಾಂಕ್ ಸರಿ. ಕೆಲವು ದಿನ ಓಡಿಸಿ, ಮತ್ತೆ ಸ್ಕ್ಯಾನರ್ ಹಾಕಿ. ಇವ್ಯಾಪ್ ಮಾನಿಟರ್, ಅಂದರೆ ಕಾರಿನ ಆ ಸ್ವಯಂ ಪರೀಕ್ಷೆ, ‘ರೆಡಿ’ ಅಂತ ತೋರಿಸಿ, ಕೋಡ್ ವಾಪಸ್ ಬಂದಿರದಿದ್ದರೆ ಸೋರಿಕೆ ನಿಂತಿದೆ.